ಸ್ಪೇನಿನ ಇಳಿಹೊತ್ತು: ಸಮಕಾಲೀನ ಕಲೆಯಲ್ಲಿ ಒಂದು ಕಾಲಭಾವದ ಚರಿತ್ರೆ

ಸ್ಪ್ಯಾನಿಶ್ ಭಾಷೆಯಲ್ಲಿ ‘ತಾರ್ದೆ’ ಎಂಬ ಪದವೊಂದಿದೆ. ಮಧ್ಯಾಹ್ನದ ಊಟದ ಹೊತ್ತಿನಿಂದ ಕತ್ತಲಾಗುವವರೆಗಿನ ಅವಧಿಯನ್ನೆಲ್ಲ ಆ ಭಾಷಿಕರು ಈ ಒಂದೇ ಪದದಿಂದ ಗುರುತಿಸುತ್ತಾರೆ. ಮಧ್ಯಾಹ್ನ, ಇಳಿಹೊತ್ತು, ಸಂಜೆ, ಮುಸ್ಸಂಜೆ ಎಂದು ಕನ್ನಡಿಗರಾದ ನಾವು ಹಲವು ತುಂಡುಗಳಾಗಿ ವಿಂಗಡಿಸಿಕೊಂಡಿರುವ ಕಾಲವು ಅವರಿಗೆ ಅಖಂಡವಾದುದು. ಇದೇ ಪದಕ್ಕೆ ‘ತಡವಾಗಿ’ ಎಂಬ ಅರ್ಥವೂ ಉಂಟು. ಲ್ಯಾಟಿನ್ ಮೂಲದಲ್ಲಿ ಅದೇ ಮೊದಲಿನ ಅರ್ಥ. ಹೊತ್ತಿನ ಹೆಸರು ಅದರಿಂದ ಹುಟ್ಟಿದ್ದು. ಹಾಗಾಗಿ ಸ್ಪೇನಿನ ಅಪರಾಹ್ನವೆಂದರೆ ಆ ಭಾಷೆಯ ಒಡಲಿನಲ್ಲಿಯೇ ತುಸು ತಡವಾಗಿರುವ ಕಾಲ. ಸಮೀಪದ ಸಮಾನಪದವೆಂದು ತೋರಿದ್ದರಿಂದ ಪ್ರಸ್ತುತ ಲೇಖನದಲ್ಲಿ ‘ಇಳಿಹೊತ್ತು’ ಎಂಬ ಪದವನ್ನು ಈ ವಿಸ್ತಾರವಾದ ಅರ್ಥದಲ್ಲಿ ಬಳಸಲಾಗಿದೆ.

ಸ್ಪೇನಿನ ಇಳಿಹೊತ್ತನ್ನು ಕುರಿತು ಹೊರಗಿನವರು ಕಟ್ಟಿಕೊಂಡಿರುವ ಚಿತ್ರ ಸುಪರಿಚಿತವಾದುದು. ಮುಚ್ಚಿದ ಕಿಟಕಿಗಳು, ಬಿಕೋ ಎನ್ನುವ ಬೀದಿ, ನಿದ್ದೆ ಹೋದ ಊರು. ಹತ್ತೊಂಬತ್ತನೆಯ ಶತಮಾನದ ರಮ್ಯಪಂಥದ ಪ್ರವಾಸಿಗಳು ಈ ಚಿತ್ರವನ್ನು ಬೆಳೆಸಿದರು. 1960ರ ದಶಕದ ಪ್ರವಾಸೋದ್ಯಮವು ಅದನ್ನು ಭಿತ್ತಿಪತ್ರಗಳಲ್ಲಿ ಮಾರಿತು. ಇಂದಿನ ಕಲಾವಿಮರ್ಶೆಯೂ ಒಮ್ಮೊಮ್ಮೆ ಇದೇ ದಾರಿ ಹಿಡಿದು, ಸ್ಪ್ಯಾನಿಶ್ ಚಿತ್ರಗಳಲ್ಲಿ ಕಾಣುವ ನಿಶ್ಚಲತೆಯನ್ನು ಆ ನಾಡಿನ ‘ಸ್ವಭಾವ’ವೆಂದು ವಿವರಿಸಿಬಿಡುತ್ತದೆ. ಜಾನಪದದ ಅಭ್ಯಾಸಿಗೆ ಈ ವಿವರಣೆ ಒಪ್ಪಿಗೆಯಾಗುವುದು ಕಷ್ಟ. ಯಾವ ಜನಸಮುದಾಯದ ಹೊತ್ತೂ ಸ್ವಭಾವದಿಂದ ಹುಟ್ಟುವುದಿಲ್ಲ. ದುಡಿಮೆ, ಆಚರಣೆ, ನಿಷೇಧ, ಆಳುವವರ ಆಜ್ಞೆ ಇವೆಲ್ಲ ಸೇರಿ ಅದನ್ನು ಕಟ್ಟುತ್ತವೆ. ಸ್ಪೇನಿನ ಇಳಿಹೊತ್ತಿಗೂ ಅಂಥದೊಂದು ಚರಿತ್ರೆಯಿದೆ. ಕಲೆಯಲ್ಲಿ ಕಾಣಿಸುವ ಅದರ ಭಾವವನ್ನು ಆ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

‘ಸಿಯೆಸ್ತಾ’ ಎಂಬ ಪದ ಲ್ಯಾಟಿನ್ನಿನ ‘ಹೋರಾ ಸೆಕ್ಸ್ತಾ’, ಅಂದರೆ ಸೂರ್ಯೋದಯದಿಂದ ಆರನೆಯ ತಾಸು, ಎಂಬುದರಿಂದ ಬಂದುದು. ಕ್ರೈಸ್ತ ಮಠಗಳಲ್ಲಿ ಅದು ನಡುಹಗಲ ಪ್ರಾರ್ಥನೆಯ ವೇಳೆ. ಅದೇ ವೇಳೆಗೆ ಭಯವೂ ಅಂಟಿಕೊಂಡಿತ್ತು. ಬೈಬಲಿನ ಕೀರ್ತನೆಯೊಂದರ ಲ್ಯಾಟಿನ್ ಪಾಠದಲ್ಲಿ ನಡುಹಗಲ ದೆವ್ವದ ಪ್ರಸ್ತಾಪ ಬರುತ್ತದೆ. ನಾಲ್ಕನೆಯ ಶತಮಾನದ ಇವಾಗ್ರಿಯಸ್ ಎಂಬ ಸಂನ್ಯಾಸಿಯು ಮಠವಾಸಿಗಳನ್ನು ಹಗಲು ಹೊತ್ತಿನಲ್ಲಿ ಕಾಡುವ ಬೇಸರವನ್ನು, ಸೂರ್ಯ ಮುಂದೆ ಸರಿಯುವುದೇ ಇಲ್ಲವೇನೋ ಎನ್ನಿಸುವ ಮನೋಜಡತೆಯನ್ನು, ಈ ದೆವ್ವದ ಕೆಲಸವೆಂದು ಬಗೆದನು. ಮಟಮಟ ಮಧ್ಯಾಹ್ನದಲ್ಲಿ ಹುಣಿಸೆಮರದ ಕೆಳಗೆ ಹೋಗಬಾರದೆಂದು ಮಕ್ಕಳನ್ನು ಗದರಿಸುವ ನಮ್ಮ ಹಳ್ಳಿಗಳ ಅಜ್ಜಿಯರಿಗೆ ಈ ದೆವ್ವದ ಗುರುತು ಹತ್ತುವುದು ಕಷ್ಟವಾಗಲಾರದು. ಒಟ್ಟಿನಲ್ಲಿ ಆ ಹೊತ್ತು ಆರಂಭದಿಂದಲೂ ಬರಿಯ ವಿಶ್ರಾಂತಿಯ ಹೊತ್ತಾಗಿರಲಿಲ್ಲ.

ಈ ವಿಶ್ರಾಂತಿ ಯಾರದು ಎಂಬುದನ್ನು ತಿಳಿಯಲು ಗೊಯಾನ (1746–1828) ಚಿತ್ರವೊಂದನ್ನು ನೋಡಬೇಕು. ರಾಜಮನೆತನದ ಜವಳಿಚಿತ್ರ ನೆಯ್ಗೆಯ ಕಾರ್ಖಾನೆಗಾಗಿ ಅವನು ಬರೆದ ಮಾದರಿಚಿತ್ರಗಳಲ್ಲಿ ಅತ್ಯಂತ ದೊಡ್ಡದಾದ ‘ಕಣ’ ಅಥವಾ ‘ಬೇಸಿಗೆ’ 1786–87ರದು. ಈಗ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ. ಕಣದಲ್ಲಿ ಗೋಧಿಯ ಸಿವುಡುಗಳು ರಾಶಿಬಿದ್ದಿವೆ. ಕೊಯ್ಲುಗಾರರು ಅವುಗಳಿಗೆ ಒರಗಿ ಮಲಗಿದ್ದಾರೆ, ಕುಡಿಯುತ್ತಿದ್ದಾರೆ, ಒಬ್ಬನಿಗೆ ಹೆಚ್ಚು ಕುಡಿಸಿ ನಗುತ್ತಿದ್ದಾರೆ, ಮಕ್ಕಳು ಹುಲ್ಲಿನ ಮೇಲೆ ಹತ್ತಿ ಕುಣಿಯುತ್ತಿದ್ದಾರೆ, ಕುದುರೆಗಳೂ ಬಿಡುವಿನಲ್ಲಿವೆ. ಅರಮನೆಯ ಗೋಡೆಯನ್ನು ಅಲಂಕರಿಸಬೇಕಾಗಿದ್ದ ಚಿತ್ರವಾದ್ದರಿಂದ ದುಡಿಮೆಯ ಕಷ್ಟವನ್ನು ಇಲ್ಲಿ ಮರೆಸಲಾಗಿದೆ ಎಂಬ ಆಕ್ಷೇಪ ನಿಜವೇ. ಆದರೂ ಒಂದು ಸಂಗತಿಯನ್ನು ಚಿತ್ರ ಮರೆಸಿಲ್ಲ. ಮಲಗಿದವರ ಪಕ್ಕದಲ್ಲಿ ಸಿವುಡಿದೆ. ನಸುಕಿನಲ್ಲಿ ಎದ್ದು ಕೊಯ್ದವರು ಮಾತ್ರ ಈ ಹೊತ್ತಿನಲ್ಲಿ ಹೀಗೆ ಬೀಳಬಲ್ಲರು. ಉರಿಬಿಸಿಲಿನ ತಾಸುಗಳನ್ನು ದುಡಿಮೆಯಿಂದ ಹೊರಗಿಟ್ಟು ದಿನವನ್ನು ಎರಡಾಗಿ ಸೀಳುವ ಕ್ರಮ ಒಕ್ಕಲುತನದ ವಿವೇಕವಾಗಿತ್ತೇ ಹೊರತು ಸೋಮಾರಿತನವಾಗಿರಲಿಲ್ಲ.

ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. 2022ರ ಜುಲೈ ತಿಂಗಳ ಬಿಸಿಗಾಳಿಯ ದಿನಗಳಲ್ಲಿ ಮ್ಯಾಡ್ರಿಡ್ ನಗರದ ಬೀದಿ ಗುಡಿಸುತ್ತಿದ್ದ, ಅರವತ್ತು ವರ್ಷದ, ಹಂಗಾಮಿ ಕರಾರಿನ ಕಾರ್ಮಿಕನೊಬ್ಬ ಅಪರಾಹ್ನದ ಪಾಳಿಯಲ್ಲಿ ಕುಸಿದುಬಿದ್ದು ಮರುದಿನ ತೀರಿಕೊಂಡನು. ಆ ಬಳಿಕ ಆ ಊರಿನಲ್ಲಿ ಬಿಸಿಲಿನ ಎಚ್ಚರಿಕೆಯಿರುವ ದಿನಗಳ ಪಾಳಿಗಳನ್ನು ಬದಲಿಸಲಾಯಿತು. 2023ರ ಮೇ ತಿಂಗಳಲ್ಲಿ ಸರ್ಕಾರವು, ಹವಾಮಾನ ಇಲಾಖೆಯ ತೀವ್ರ ಎಚ್ಚರಿಕೆ ಇರುವಾಗ ರಕ್ಷಣೆಯ ಏರ್ಪಾಡು ಸಾಲದೆ ಹೋದರೆ ಬಯಲಿನಲ್ಲಿ ಮಾಡುವ ಕೆಲಸದ ಸಮಯವನ್ನು ಕಡಿತಗೊಳಿಸಬೇಕು ಇಲ್ಲವೇ ಬದಲಿಸಬೇಕು ಎಂದು ಸುಗ್ರೀವಾಜ್ಞೆ ಹೊರಡಿಸಿತು. ಕಣದವರು ತಾವೇ ಪಾಲಿಸುತ್ತಿದ್ದ ನಿಯಮವನ್ನು ಒಂದು ಸಾವಿನ ನಂತರ ಕಾನೂನು ಮತ್ತೆ ಬರೆಯಬೇಕಾಯಿತು.

ವಲೆನ್ಸಿಯಾದ ಹೊಆಕಿನ್ ಸೊರೊಯಾನನ್ನು (1863–1923) ಬಿಸಿಲಿನ ಚಿತ್ರಕಾರನೆಂದು ಕರೆಯುವುದು ವಾಡಿಕೆ. ಅವನ ‘ಇಳಿಹೊತ್ತಿನ ಬಿಸಿಲು’ (1903) ಎಂಬ ಚಿತ್ರದಲ್ಲಿ ಎತ್ತುಗಳು ನೀರಿಗಿಳಿದು ಮೀನುದೋಣಿಯನ್ನು ದಡಕ್ಕೆ ಎಳೆಯುತ್ತಿವೆ. ಓರೆಯಾಗಿ ಬೀಳುವ ಹಳದಿ ಬೆಳಕು ಎತ್ತುಗಳ ಮೈಮೇಲೆ, ಉಬ್ಬಿದ ಹಾಯಿಯ ಮೇಲೆ, ಒದ್ದೆಯಾದ ಮನುಷ್ಯರ ಕಾಲುಗಳ ಮೇಲೆ ಹರಿದಿದೆ. ಇಲ್ಲಿ ಇಳಿಹೊತ್ತೆಂದರೆ ದೋಣಿ ಮರಳುವ ಹೊತ್ತು. ಕೆಲಸ ಮುಗಿಯದಿರುವ, ಆದರೆ ಮುಗಿಯುವುದು ಕಣ್ಣಿಗೆ ಕಾಣುತ್ತಿರುವ ಹೊತ್ತು. ಇದಕ್ಕೆ ಎದುರಾಗಿ ಅವನದೇ ‘ಸಿಯೆಸ್ತಾ’ (1911) ಚಿತ್ರವನ್ನಿಟ್ಟು ನೋಡಬಹುದು. ಬಿಳಿಯುಡುಗೆಯ ಹೆಂಗಸರು ಹಸಿರು ಹುಲ್ಲಿನ ಮೇಲೆ ಅಡ್ಡಾದಿಡ್ಡಿಯಾಗಿ ಒರಗಿದ್ದಾರೆ. ಕುಂಚದ ದೊಡ್ಡ ಬೀಸುಗಳಲ್ಲಿ ಮೈಯೂ ನೆಲವೂ ಒಂದಾಗಿವೆ. ಅವರು ಚಿತ್ರಕಾರನ ಮನೆಯವರೇ. ಕುತೂಹಲದ ವಿಷಯವೆಂದರೆ ಇದು ಸುಡುಬಿಸಿಲಿನ ದಕ್ಷಿಣದ ಚಿತ್ರವಲ್ಲ. ಅನುಕೂಲಸ್ಥ ಕುಟುಂಬಗಳು ಬೇಸಿಗೆ ಕಳೆಯಲು ಹೋಗುತ್ತಿದ್ದ, ತಂಪಾದ ಉತ್ತರ ಕರಾವಳಿಯ ಸಾನ್ ಸೆಬಾಸ್ತಿಯಾನ್‌ನಲ್ಲಿ ಬರೆದುದು. ಒಂದೇ ಕೈ ಬರೆದ ಎರಡು ಇಳಿಹೊತ್ತುಗಳ ನಡುವೆ ಹೀಗೆ ಒಂದು ವರ್ಗಭೇದ ನಿಂತಿದೆ. ನಂತರದ ಕಾಲದಲ್ಲಿ ‘ಸ್ಪೇನಿನ ಅಪರಾಹ್ನ’ವೆಂದು ಹೆಚ್ಚು ಪ್ರಚಾರ ಪಡೆದ ಭಾವ ಎರಡನೆಯದರದು ಎಂಬುದನ್ನು ಗಮನಿಸಬೇಕು.

ಗೂಳಿಕಾಳಗದ ವಿಷಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಆದರೆ ಅದು ಇಳಿಹೊತ್ತಿನ ಆಚರಣೆ ಎಂಬುದು ಮುಖ್ಯ. ಕಾಳಗದ ಅಖಾಡದಲ್ಲಿ ಆಸನಗಳು ‘ಸೋಲ್’ (ಬಿಸಿಲು), ‘ಸೋಂಬ್ರಾ’ (ನೆರಳು) ಎಂದು ವಿಭಾಗವಾಗಿ ಬೇರೆಬೇರೆ ಬೆಲೆಗೆ ಮಾರಾಟವಾಗುತ್ತವೆ. ನೆರಳು ದುಬಾರಿ. ಸೂರ್ಯನ ಚಲನೆಯೇ ಪ್ರೇಕ್ಷಕರನ್ನು ಶ್ರೇಣೀಕರಿಸುವ ಇಂಥ ವ್ಯವಸ್ಥೆ ಅಪರೂಪವೆಂದೇ ಹೇಳಬೇಕು. ಇಗ್ನಾಸಿಯೊ ಸಾಂಚೆಸ್ ಮೆಹಿಯಾಸ್ ಎಂಬ ಪ್ರಸಿದ್ಧ ಕಾಳಗಗಾರ 1934ರ ಆಗಸ್ಟ್ 11ರಂದು ಮಾನ್ಸಾನಾರೆಸ್ ಎಂಬ ಊರಿನಲ್ಲಿ ಗೂಳಿಯ ತಿವಿತಕ್ಕೆ ಸಿಕ್ಕಿ ಎರಡು ದಿನಗಳ ನಂತರ ಮ್ಯಾಡ್ರಿಡ್‌ನಲ್ಲಿ ಸತ್ತನು. ಗೆಳೆಯನಾದ ಲೋರ್ಕಾ 1935ರಲ್ಲಿ ಪ್ರಕಟಿಸಿದ ಶೋಕಗೀತೆಯ ಮೊದಲ ಭಾಗದಲ್ಲಿ ಸಂಜೆಯ ಐದು ಗಂಟೆ ಎಂಬ ಗಡಿಯಾರದ ಒಂದು ತಾಸು ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. ಸತ್ತವರ ಗುಣಗಳನ್ನು ಎಣಿಸಿ ಹಾಡುವ ಜನಪದ ಶೋಕಗೀತಗಳ ಪುನರುಕ್ತಿಯ ಬಲವನ್ನು ಬಲ್ಲ ಕವಿ ಮಾತ್ರ ಈ ಕೆಲಸ ಮಾಡಬಲ್ಲ. ಅಂದಿನಿಂದ ಸ್ಪ್ಯಾನಿಶ್ ಓದುಗರ ಮನಸ್ಸಿನಲ್ಲಿ ಆ ತಾಸು ಸಾವಿನ ತಾಸಾಗಿ ನಿಂತಿತು. 1957ರಲ್ಲಿ ಮಯೋರ್ಕಾ ದ್ವೀಪದಲ್ಲಿ ಜನಿಸಿದ ಮಿಕೆಲ್ ಬಾರ್ಸೆಲೊ 1990ರ ಸುಮಾರಿನಲ್ಲಿ ಬರೆದ ಅಖಾಡದ ಚಿತ್ರಗಳಲ್ಲಿ ಈ ಪರಂಪರೆ ಬೇರೊಂದು ರೂಪ ಪಡೆಯಿತು. ಅಲ್ಲಿ ನೋಟ ಮೇಲಿನಿಂದ ಬೀಳುತ್ತದೆ. ದಪ್ಪನಾದ ಬಣ್ಣ ಸುತ್ತುಸುತ್ತಾಗಿ ಮೆತ್ತಿಕೊಂಡು ಅಖಾಡವು ಜ್ವಾಲಾಮುಖಿಯ ಬಾಯಿಯಂತೆ ತೋರುತ್ತದೆ. ಮನುಷ್ಯ ಮತ್ತು ಗೂಳಿ ನಡುವೆ ಎರಡು ಚುಕ್ಕೆಗಳು. ವೀರರಸಕ್ಕೆ ಅಲ್ಲಿ ಎಡೆಯೇ ಇಲ್ಲ. ಇರುವುದು ಮರಳು, ಕಾವು ಮತ್ತು ಉದ್ದವಾದ ಒಂದು ಹೊತ್ತು.

ಆ ಹೊತ್ತು ಅಷ್ಟು ಉದ್ದವಾಗಿರುವುದಕ್ಕೆ ರಾಜಕೀಯ ಕಾರಣವೂ ಇದೆ. ಭೂಗೋಳದ ದೃಷ್ಟಿಯಿಂದ ಸ್ಪೇನ್ ಬ್ರಿಟನ್ನಿನ ನೇರಕ್ಕಿದ್ದು ಗ್ರೀನಿಚ್ ಕಾಲವನ್ನು ಅನುಸರಿಸಬೇಕಾದ ದೇಶ. 1940ರ ಮಾರ್ಚ್ ತಿಂಗಳಲ್ಲಿ ಫ್ರಾಂಕೊ ಸರ್ಕಾರವು ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಸರಿಸಿ ಜರ್ಮನಿಯ ಕಾಲಕ್ಕೆ ಹೊಂದಿಸಿತು. ತಾತ್ಕಾಲಿಕವೆಂದುಕೊಂಡದ್ದು ಶಾಶ್ವತವಾಯಿತು. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುವುದರಿಂದ ಮ್ಯಾಡ್ರಿಡ್‌ನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಎರಡೂಕಾಲು ಗಂಟೆಯ ಹೊತ್ತಿಗೆ. ಜೂನ್ ತಿಂಗಳಲ್ಲಿ ಮುಳುಗುವುದು ಒಂಬತ್ತೂಮುಕ್ಕಾಲರ ಸುಮಾರಿಗೆ. ಹೊಟ್ಟೆ ಮತ್ತು ನಿದ್ದೆ ಸೂರ್ಯನನ್ನು ಅನುಸರಿಸಿದವು, ಕಚೇರಿ ಗಡಿಯಾರವನ್ನು ಅನುಸರಿಸಿತು. ಯುದ್ಧಾನಂತರದ ಬಡತನದಲ್ಲಿ ಅನೇಕರು ಬೆಳಗ್ಗೆ ಒಂದು, ಸಂಜೆ ಒಂದು ಎಂದು ಎರಡು ನೌಕರಿ ಹಿಡಿದುದರಿಂದ ನಡುವಿನ ಬಿಡುವು ಇನ್ನಷ್ಟು ಗಟ್ಟಿಯಾಯಿತು. ಗ್ರೀನಿಚ್ ಕಾಲಕ್ಕೆ ಮರಳಬೇಕೆಂಬ ಸಲಹೆಯನ್ನು 2013ರಲ್ಲಿ ಸಂಸತ್ತಿನ ಸಮಿತಿಯೊಂದು ನೀಡಿತಾದರೂ ಅದು ಜಾರಿಗೆ ಬರಲಿಲ್ಲ. ಸ್ಪೇನಿನವರ ‘ಪ್ರಾಚೀನ’ ದಿನಚರಿಯೆಂದು ನಾವು ಬೆರಗಾಗುವುದರಲ್ಲಿ ಒಂದು ಪಾಲು ಸರ್ವಾಧಿಕಾರಿಯೊಬ್ಬನ ಆಜ್ಞೆಯಿಂದ ಬಂದುದು.

ಆ ಆಳ್ವಿಕೆಯ ಇಳಿಹೊತ್ತಿನ ಭಾವವನ್ನು ಕಾರ್ಲೋಸ್ ಸಾವುರಾನ (1932–2023) ‘ಬೇಟೆ’ (1966) ಚಲನಚಿತ್ರದಷ್ಟು ನಿರ್ದಾಕ್ಷಿಣ್ಯವಾಗಿ ಹಿಡಿದ ಕೃತಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಅಂತರ್ಯುದ್ಧದಲ್ಲಿ ಗೆದ್ದ ಪಕ್ಷದ ಪರ ಹೋರಾಡಿದ್ದ ಮೂವರು ನಡುವಯಸ್ಕರು, ಜೊತೆಗೊಬ್ಬ ಯುವಕ, ಮೊಲದ ಬೇಟೆಗೆ ಬರುತ್ತಾರೆ. ಬಂದಿರುವ ಕಣಿವೆ ಒಂದು ಕಾಲದ ರಣರಂಗ. ಅಲ್ಲಿನ ಗವಿಯಲ್ಲಿ ಅಸ್ಥಿಪಂಜರವಿದೆ. ಊಟದ ನಂತರದ ನಿದ್ದೆಯ ದೃಶ್ಯದಲ್ಲಿ ಕ್ಯಾಮೆರಾ ಬೆವರಿದ ಚರ್ಮದ ತೀರ ಹತ್ತಿರಕ್ಕೆ ಬರುತ್ತದೆ, ಅವರವರ ಒಳದನಿಗಳು ಕೇಳಿಸುತ್ತವೆ. ಯುದ್ಧದ ಹೆಸರು ಹೇಳಲು ಸೆನ್ಸಾರಿನ ಅಡ್ಡಿಯಿದ್ದ ಕಾಲದಲ್ಲಿ ಬಿಸಿಲೇ ಆ ಹೆಸರಿನ ಬದಲಿಗೆ ನಿಂತಿತು. ಕೊನೆಗೆ ಗೆಳೆಯರು ಒಬ್ಬರನ್ನೊಬ್ಬರು ಸುಟ್ಟುಕೊಂಡು ಸಾಯುತ್ತಾರೆ, ಯುವಕ ಓಡುತ್ತಾನೆ. ಬರ್ಲಿನ್ ಉತ್ಸವದಲ್ಲಿ ನಿರ್ದೇಶನಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಪಡೆದ ಈ ಚಿತ್ರ, ಅದೇ ದಶಕದಲ್ಲಿ ಪ್ರವಾಸಿಗಳಿಗೆ ಮಾರಲಾಗುತ್ತಿದ್ದ ಬಿಸಿಲಿಗೆ ಕೊಟ್ಟ ಉತ್ತರವೂ ಹೌದು.

ಮನೆಯೊಳಗಿನ ಇಳಿಹೊತ್ತು ಬೇರೆ. ಗಂಡಸರು ಮಲಗಿದಾಗ ಹೆಂಗಸರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ಕಲೆಯ ಇತಿಹಾಸ ಬಹುಕಾಲ ಕೇಳಲಿಲ್ಲ. ಮ್ಯಾಡ್ರಿಡ್‌ನ ವಾಸ್ತವವಾದಿಗಳೆಂದು ಕರೆಯಲಾಗುವ ಗುಂಪಿನಲ್ಲಿ ಮರಿಯಾ ಮೊರೆನೊ, ಅಮಾಲಿಯಾ ಆವಿಯಾ, ಇಸಾಬೆಲ್ ಕಿಂತಾನಿಯಾ ಮುಂತಾದ ಚಿತ್ರಕಾರ್ತಿಯರಿದ್ದರು. ಕಿಂತಾನಿಯಾಳ (1938–2017) ತಂದೆ ಗಣರಾಜ್ಯದ ಪಕ್ಷದಲ್ಲಿ ಹೋರಾಡಿ ಫ್ರಾಂಕೊನ ಸೆರೆಯಲ್ಲಿ ಸತ್ತವನು. ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದಳು. 1971ರ ‘ನನ್ನ ತಾಯಿಗೆ ನಮನ’ ಎಂಬ ಚಿತ್ರದಲ್ಲಿ ತಾಯಿಯಿಲ್ಲ, ಹೊಲಿಗೆಯಂತ್ರವಿದೆ. ಉಳಿದ ಚಿತ್ರಗಳಲ್ಲಿಯೂ ಅಷ್ಟೆ: ಕಿಟಕಿ, ಮೇಜು, ನೀರಿನ ಗಾಜಿನ ಲೋಟ, ಬರಿದಾದ ಕೋಣೆ. ನಿಶ್ಚಲವೆಂದು ಇವನ್ನು ಹೊಗಳುವವರು ಒಂದು ವಿಷಯ ನೆನೆಯಬೇಕು. ಇವು ಕೆಲಸ ಮಾಡುತ್ತಿದ್ದವರು ಆಗಷ್ಟೇ ಎದ್ದುಹೋದ ಕೋಣೆಗಳು. ಮ್ಯಾಡ್ರಿಡ್‌ನ ಥಿಸೆನ್ ಸಂಗ್ರಹಾಲಯ 2024ರಲ್ಲಿ ಆಕೆಯ ಸಮಗ್ರ ಪ್ರದರ್ಶನ ಏರ್ಪಡಿಸುವ ಹೊತ್ತಿಗೆ ಆಕೆ ತೀರಿಕೊಂಡು ಆರು ವರ್ಷಗಳು ಕಳೆದಿದ್ದವು.

ಇದೇ ಗುಂಪಿನ ಆಂತೋನಿಯೊ ಲೋಪೆಸ್ ಗಾರ್ಸಿಯಾ 1936ರಲ್ಲಿ ಲಾ ಮಾಂಚಾ ಬಯಲಿನ ದ್ರಾಕ್ಷಿತೋಟಗಳ ಊರಾದ ತೊಮೆಯೊಸೊದಲ್ಲಿ ಜನಿಸಿದವರು. ಅದೇ ಬಯಲನ್ನು ಚಿತ್ರಿಸುತ್ತಿದ್ದ ಸೋದರಸಂಬಂಧದ ಚಿಕ್ಕಪ್ಪ ಲೋಪೆಸ್ ತೊರೆಸ್ ಅವರೇ ಮೊದಲ ಗುರು. ಇವರ ಪದ್ಧತಿ ವಿಚಿತ್ರವೆನ್ನಿಸುವಷ್ಟು ಪ್ರಾಮಾಣಿಕವಾದುದು: ನಿರ್ದಿಷ್ಟ ಹೊತ್ತಿನ ಬೆಳಕನ್ನು ಆ ಹೊತ್ತಿನಲ್ಲಿಯೇ ನಿಂತು ಬರೆಯುವುದು, ಬೆಳಕು ಸರಿದೊಡನೆ ನಿಲ್ಲಿಸುವುದು, ಮರುದಿನ ಅಥವಾ ಮರುವರ್ಷ ಅದೇ ಹೊತ್ತಿಗೆ ಮರಳುವುದು. ಮ್ಯಾಡ್ರಿಡ್‌ನ ‘ಗ್ರಾನ್ ವಿಯಾ’ ರಸ್ತೆಯ ಮುಂಜಾವಿನ ಚಿತ್ರಕ್ಕೆ 1974ರಿಂದ 1981ರವರೆಗೆ ಏಳು ವರ್ಷ ಹಿಡಿದದ್ದು ಹೀಗೆ.

ವಿಕ್ತೋರ್ ಎರಿಸೆ ನಿರ್ದೇಶಿಸಿದ ‘ಎಲ್ ಸೋಲ್ ದೆಲ್ ಮೆಂಬ್ರಿಯೊ’ (1992) ಎಂಬ ಚಲನಚಿತ್ರ ಈ ಪದ್ಧತಿಯ ದಾಖಲೆ. ಮೆಂಬ್ರಿಯೊ ಎಂದರೆ ಸೇಬಿನ ಬಳಗಕ್ಕೆ ಸೇರಿದ, ಹಳದಿ ಬಣ್ಣದ, ಒಗರಾದ ಹಣ್ಣು. 1990ರ ಶರತ್ಕಾಲದಲ್ಲಿ ಲೋಪೆಸ್ ತಮ್ಮ ಹಿತ್ತಲಿನಲ್ಲಿ ಬೆಳೆಸಿದ ಆ ಗಿಡವನ್ನು, ಹಗಲಿನ ಕೆಲವೇ ತಾಸು ಅದರ ನೆತ್ತಿಯ ಎಲೆಗಳ ಮೇಲೆ ಬೀಳುವ ಬಿಸಿಲಿನೊಂದಿಗೆ ಚಿತ್ರಿಸಲು ತೊಡಗುತ್ತಾರೆ. ತಾವು ನಿಲ್ಲುವ ಜಾಗ ಕದಲದಂತೆ ನೆಲಕ್ಕೆ ಮೊಳೆ ಹೊಡೆಯುತ್ತಾರೆ. ಗಾರೆ ಕೆಲಸದವರಂತೆ ತೂಗುಗುಂಡು ಇಳಿಬಿಡುತ್ತಾರೆ, ದಾರ ಕಟ್ಟುತ್ತಾರೆ. ಎಲೆ ಮತ್ತು ಹಣ್ಣುಗಳ ಮೇಲೆ ಬಿಳಿಬಣ್ಣದ ಗುರುತು ಹಾಕುತ್ತಾರೆ. ಹಣ್ಣು ಬಲಿತಂತೆ ತೂಕಕ್ಕೆ ಟೊಂಗೆ ಬಾಗುತ್ತದೆ, ಗುರುತುಗಳು ಕೆಳಗಿಳಿಯುತ್ತವೆ. ಮಳೆ ಹಿಡಿಯುತ್ತದೆ, ಗಿಡದ ಸುತ್ತ ಗುಡಾರ ಕಟ್ಟುತ್ತಾರೆ. ಆ ಬಿಸಿಲು ಮತ್ತೆ ಸಿಕ್ಕುವುದಿಲ್ಲ. ತೈಲಚಿತ್ರವನ್ನು ಕೈಬಿಟ್ಟು ಪೆನ್ಸಿಲು ಹಿಡಿಯುತ್ತಾರೆ. ಕೊನೆಗೆ ಅದನ್ನೂ ನಿಲ್ಲಿಸುತ್ತಾರೆ. ಮನೆಯ ದುರಸ್ತಿಗೆ ಬಂದ ಪೋಲೆಂಡಿನ ಕೂಲಿಗಾರರು ಹಣ್ಣನ್ನು ಕಚ್ಚಿ ನೋಡುತ್ತಾರೆ. ಅವರಿಗೆ ಅದೇನೂ ರುಚಿಸುವುದಿಲ್ಲ. ರೇಡಿಯೊ ದೂರದ ಯುದ್ಧಸಿದ್ಧತೆಯ ವಾರ್ತೆ ಹೇಳುತ್ತಿರುತ್ತದೆ.

ಸೋಲಿನ ಕಥೆಯೆಂದು ಇದನ್ನು ಓದಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಫಸಲಿಗೂ ಹೊತ್ತಿಗೂ ಇರುವ ಸಂಬಂಧವನ್ನು ರೈತ ಹೇಗೆ ಒಪ್ಪಿಕೊಳ್ಳುತ್ತಾನೋ ಹಾಗೆ ಈ ಚಿತ್ರಕಾರ ಒಪ್ಪಿಕೊಳ್ಳುತ್ತಾರೆ: ಈ ವರ್ಷ ಕೈಗೆ ಹತ್ತಲಿಲ್ಲ, ಅಷ್ಟೆ. ಚಿತ್ರದ ಕೊನೆಯ ಭಾಗದಲ್ಲಿ ಪತ್ನಿ ಮರಿಯಾ ಮೊರೆನೊ (ಈ ಚಲನಚಿತ್ರದ ನಿರ್ಮಾಪಕಿಯೂ ಅವರೇ) ಗಂಡನನ್ನು ಮಂಚದ ಮೇಲೆ ಮಲಗಿಸಿ ಚಿತ್ರ ಬರೆಯುತ್ತಿರುವಾಗ ಅವರು ನಿಜವಾಗಿಯೂ ನಿದ್ದೆಹೋಗುತ್ತಾರೆ. ಕನಸಿನಲ್ಲಿ ತೊಮೆಯೊಸೊದ ಹುಟ್ಟುಮನೆ, ಅದರ ಮುಂದಿನ ಮರಗಳು, ಎಲ್ಲವನ್ನೂ ಬೂದಿಯಾಗಿಸುವ ಬೆಳಕಿನಲ್ಲಿ ಕೊಳೆಯುತ್ತಿರುವ ಹಣ್ಣುಗಳು. ಹೊರಗೆ ಹಿತ್ತಲಲ್ಲಿ ಉದುರಿದ ಹಣ್ಣುಗಳೂ ಕೊಳೆಯುತ್ತಿವೆ. ಗಿಡ ಮಾತ್ರ ಮುಂದಿನ ವಸಂತಕ್ಕೆ ಸಿದ್ಧವಾಗುತ್ತದೆ. ನಡುಹಗಲ ದೆವ್ವದ ಹಳೆಯ ಭಯ ಇಪ್ಪತ್ತನೆಯ ಶತಮಾನದ ಕಲೆಯಲ್ಲಿ ಪಡೆದ ಅತ್ಯಂತ ಸೌಮ್ಯವಾದ ರೂಪ ಇದೆಂದು ತೋರುತ್ತದೆ.

ಇನ್ನು ಛಾಯಾಚಿತ್ರ. 1949ರಲ್ಲಿ ಗಣಿಕಾರ್ಮಿಕರ ಊರಾದ ಪುಯೆರ್ತೊಯಾನೊದಲ್ಲಿ ಜನಿಸಿದ ಕ್ರಿಸ್ತೀನಾ ಗಾರ್ಸಿಯಾ ರೊದೆರೊ 1973ರಲ್ಲಿ ವಿದ್ಯಾರ್ಥಿವೇತನವೊಂದನ್ನು ಪಡೆದು ಹಳ್ಳಿಗಳ ಹಬ್ಬ, ಯಾತ್ರೆ, ಹರಕೆಗಳ ಬೆನ್ನುಹತ್ತಿದರು. ಹದಿನೈದು ವರ್ಷಗಳ ಅಲೆದಾಟದ ಫಲ 1989ರ ‘ಮರೆಯಾಗಿರುವ ಸ್ಪೇನ್’ ಎಂಬ ಗ್ರಂಥ. ಅವರ ಚಿತ್ರಗಳನ್ನು ಹುಲಿಯೊ ಕಾರೊ ಬರೋಹಾ (1914–1995) ಎಂಬ ವಿದ್ವಾಂಸರ ಹಬ್ಬಗಳ ಕುರಿತ ಮೂರು ಸಂಪುಟಗಳ (1965, 1979, 1984) ಜೊತೆಗಿಟ್ಟು ನೋಡುವುದು ಉಪಯುಕ್ತ. ಕಾರೊ ಬರೋಹಾ ಆಚರಣೆಗಳನ್ನು ಋತುಚಕ್ರದಲ್ಲಿ ಜೋಡಿಸುತ್ತಾರೆ. ಯಾವ ದಿನ, ಯಾವ ಸಂತ, ಯಾವ ವೇಷ ಎಂಬುದೆಲ್ಲ ಅಲ್ಲಿದೆ. ರೊದೆರೊ ಅವರ ಕ್ಯಾಮೆರಾ ಆಚರಣೆಯ ನಡುವಿನ ಬಿರುಕುಗಳಿಗೆ ಹೋಗುತ್ತದೆ. ಮೆರವಣಿಗೆ ನಿಂತಾಗ, ದಣಿವಾದಾಗ, ಪವಿತ್ರವೂ ಲೌಕಿಕವೂ ಒಂದೇ ಚೌಕಟ್ಟಿನಲ್ಲಿ ಬಿದ್ದಾಗ ಅವರು ಗುಂಡಿ ಒತ್ತುತ್ತಾರೆ. ಸಾವೆದ್ರಾದಲ್ಲಿ 1981ರಲ್ಲಿ ತೆಗೆದ ಅವರ ಒಂದು ಪ್ರಸಿದ್ಧ ಚಿತ್ರದ ಹೆಸರೇ ‘ನಿದ್ರಿಸುವ ಆತ್ಮ’.

ಈ ಗ್ರಂಥವನ್ನು ಮೊದಲು ಕಂಡಾಗ ನನಗೆ ನನ್ನ ಡಾಕ್ಟರೇಟ್ ಕಾಲದ ಕ್ಷೇತ್ರಕಾರ್ಯದ ಟಿಪ್ಪಣಿಪುಸ್ತಕಗಳ ನೆನಪಾಗಿ ಮುಜುಗರವಾಯಿತು. ಜಾತ್ರೆಯ ಬೆಳಗಿನ ಪೂಜೆ, ಸಂಜೆಯ ತೇರು ಎರಡಕ್ಕೂ ಅಲ್ಲಿ ಪುಟಗಟ್ಟಲೆ ವಿವರವಿದೆ. ನಡುವಿನ ಐದಾರು ತಾಸು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದವರು, ಮಕ್ಕಳನ್ನು ಮಲಗಿಸಿಕೊಂಡು ಕಾದವರು, ಆ ಕಾಯುವಿಕೆಯಲ್ಲಿ ಆಡಿದ ಮಾತು, ಕಟ್ಟಿದ ನಂಟು, ಇದಾವುದೂ ಇಲ್ಲ. ‘ಏನೂ ನಡೆಯಲಿಲ್ಲ’ ಎಂದು ಒಂದೆಡೆ ಬರೆದೂ ಇದ್ದೇನೆ. ಘಟನೆಯನ್ನಷ್ಟೇ ದಾಖಲೆಯೆಂದು ಬಗೆಯುವ ನಮ್ಮ ಶಿಸ್ತಿನ ದೋಷವಿದು; ಅದನ್ನು ನನಗೆ ತೋರಿಸಿಕೊಟ್ಟದ್ದು ಸಂಶೋಧನಾ ಗ್ರಂಥವಲ್ಲ, ಪರದೇಶದ ಒಬ್ಬಾಕೆಯ ಕಪ್ಪುಬಿಳುಪಿನ ಚಿತ್ರಗಳು.

ಸ್ಪೇನಿನಲ್ಲಿ ಈ ಬಿಡುವಿನ ಕಾಲ ಈಗ ರಕ್ಷಿಸಬೇಕಾದ ವಸ್ತುವಾಗಿದೆ. ವಲೆನ್ಸಿಯಾ ಸೀಮೆಯ ಆದೊರ್ ಎಂಬ ಹಳ್ಳಿಯ ಆಡಳಿತ 2015ರ ಬೇಸಿಗೆಯಲ್ಲಿ, ಎರಡರಿಂದ ಐದು ಗಂಟೆಯವರೆಗೆ ಮಕ್ಕಳನ್ನು ಒಳಗಿರಿಸಿ ಸದ್ದು ಮಾಡದಿರಬೇಕೆಂದು ಪ್ರಕಟಣೆ ಹೊರಡಿಸಿತು. ಹೊಲದ ಕೆಲಸದವರು ಹೆಚ್ಚಾಗಿರುವ ಊರದು. ಕಾದಿಸ್ ಪ್ರಾಂತದಲ್ಲಿ ಸುಮಾರು 1,400 ಜನರಿರುವ ಅಲ್ಗಾರ್ ಎಂಬ ಊರು 2021ರಲ್ಲಿ ಇನ್ನೂ ಮುಂದೆ ಹೋಗಿ, ಬೇಸಿಗೆಯ ದಿನ ಬಿಸಿಲು ತಗ್ಗಿದ ಮೇಲೆ ನೆರೆಹೊರೆಯವರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಹರಟುವ ಪದ್ಧತಿಯನ್ನು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಬೇಕೆಂಬ ಪ್ರಯತ್ನಕ್ಕೆ ತೊಡಗಿತು. ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಬಳಸಿಕೊಂಡವು. ಆದರೆ ಕೇಳಿಕೆಯಲ್ಲಿ ತಮಾಷೆಯೇನಿಲ್ಲ. ಆ ಕುರ್ಚಿಗಳು ಹೆಚ್ಚಾಗಿ ಅಡುಗೆಮನೆಯವೇ. ಹಗಲೆಲ್ಲ ಒಳಗಿದ್ದು ಸಂಜೆ ಹೊಸ್ತಿಲು ದಾಟುತ್ತವೆ. ಗೋಡೆ ಹೀರಿಕೊಂಡ ಕಾವು ಆರುವವರೆಗೆ ಮಾತು ನಡೆಯುತ್ತದೆ. ದಾರಿಹೋಕರು ‘ಬುಯೆನಾಸ್ ತಾರ್ದೆಸ್’ ಎಂದು ವಂದಿಸಿ ಮುಂದೆ ಸಾಗುತ್ತಾರೆ. ಕತ್ತಲು ಕವಿದ ಬಳಿಕ ಬಂದವರು ‘ಬುಯೆನಾಸ್ ನೋಚೆಸ್’ ಎನ್ನುತ್ತಾರೆ.